ಆರಡಿಯ ಹಗ್ಗ
ಮಹಾಮಾರಿಯ ವರ್ಷ ಕುದುರೆ ಪ್ರದರ್ಶನದ ಗೇಟು ಕಾಯುತ್ತಿದ್ದ ನನ್ನ ಗೆಳೆಯನನ್ನು ಎಲ್ಲರೂ ‘ಆರಡಿ’ ಎನ್ನುತ್ತಿದ್ದರು. ಆಳು ಐದಡಿಯೂ ಇರಲಿಲ್ಲ. ಕೈಯಲ್ಲಿ ಹಿಡಿದ ಕುದುರೆಯ ಹಗ್ಗ ಮಾತ್ರ ಸರಿಯಾಗಿ ಆರಡಿ. ಅದನ್ನು ಇಬ್ಬರ ನಡುವೆ ಚಾಚಿ, “ಸ್ವಲ್ಪ ಹಿಂದೆ ಹೋಗಿ ಸ್ವಾಮಿ, ಸಾಯೋಕೆ ಅವಸರಾನಾ?” ಎನ್ನುವನು. ಬಹುಮಾನ ಕೊಡಲು ಬಂದ ದೊಡ್ಡವರ ಹಣೆಗೂ ಜ್ವರದ ಯಂತ್ರ ಹಿಡಿಯುವನು. ಸವಾರರು ಮಾಸ್ಕು ಇಳಿಸಿದರೆ, “ಗಡ್ಡಕ್ಕೆ ಕಾಯಿಲೆ ಬರಲ್ಲಪ್ಪ, ಮೂಗು ಮುಚ್ಕೋ” ಎಂದು ರೇಗುವನು. ಲಗಾಮು, ಜೀನು, ಬಕೆಟ್ಟುಗಳನ್ನು ಔಷಧಿಯಲ್ಲಿ ಒರೆಸಿ ಒರೆಸಿ ಅವನ ಬೆರಳುಗಳ ಚರ್ಮ ಸುಲಿದಿತ್ತು. ರಿಯಾಯಿತಿ ಇದ್ದದ್ದು ಒಬ್ಬಳಿಗೇ, ಕಣ್ಣು ಮಂಜಾದ ಮುದಿ ಹೆಣ್ಣುಕುದುರೆಗೆ. ಅವಳು ಅವನ ಹೆಗಲ ಮೇಲೆ ಮೂತಿಯಿಟ್ಟು ಮಾಸ್ಕು ಎಳೆದರೆ, “ನಿನಗೆ ಯಾವ ಕಾನೂನೂ ಇಲ್ಲ ಬಿಡು ಮಹಾರಾಯ್ತಿ” ಎಂದು ಸುಮ್ಮನೆ ನಿಲ್ಲುವನು. ಪ್ರತಿ ಬೆಳಿಗ್ಗೆ ಯಂತ್ರವನ್ನು ಮೊದಲು ತನ್ನ ಹಣೆಗೇ ಹಿಡಿದು, ಅಂಕಿಯನ್ನು ಗಟ್ಟಿಯಾಗಿ ಕೂಗಿ, ಆಮೇಲೆ ಗೇಟು ತೆರೆಯುವುದು ಅವನ ಪದ್ಧತಿ. ನಾವು ದಿನವೂ ನಗುತ್ತಿದ್ದೆವು. ಆ ವರ್ಷದ ಕೊನೆಯ ಪ್ರದರ್ಶನದ ದಿನ “ನೂರಾ ಎರಡು” ಎಂದು ಅಷ್ಟೇ ಗಟ್ಟಿಯಾಗಿ ಕೂಗಿದಾಗಲೂ ನಕ್ಕೆವು. ಅವನು ಯಂತ್ರವನ್ನು ಒರೆಸಿ ಕುರ್ಚಿಯ ಮೇಲಿಟ್ಟು, ನನಗೆ ತೆಗೆದುಕೋ ಎಂದು ಸನ್ನೆ ಮಾಡಿ ದೂರ ಸರಿದ. ಮುದಿ ಕುದುರೆ ಎಂದಿನಂತೆ ಕತ್ತು ಚಾಚಿತು. “ಇವತ್ತು ನೀನೂ ದೂರ ಕಣೇ” ಎಂದು, ಹಗ್ಗವನ್ನು ಗೇಟಿಗೆ ಕಟ್ಟಿ ಹೊರಟವನು ಆಸ್ಪತ್ರೆಯಿಂದ ಮರಳಲಿಲ್ಲ. ಈಗ ಗೇಟು ಕಾಯುವವನು ನಾನು. ಬೆಳಿಗ್ಗೆ ನನ್ನ ಅಂಕಿಯನ್ನು ಗಟ್ಟಿಯಾಗಿ ಕೂಗುತ್ತೇನೆ, ಯಾರೂ ನಗುವುದಿಲ್ಲ.