ಕಣದ ನಡುವೆ ನಿಂತುಹೋದ ಹೆಜ್ಜೆಗಳು

ಜನವರಿಯ ಎರಡನೇ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಯಸಳೂರಿನ ಹತ್ತಿರ ನಮ್ಮ ತೋಟದ ಮನೆಯ ಜಗಲಿಯಲ್ಲಿದ್ದವರು ನಾಲ್ವರು: ನಾನು, ನನ್ನ ತಮ್ಮ, ಹಾಸನದ ಕಾಲೇಜಿನಲ್ಲಿ ಓದುವ ನನ್ನ ಮೊಮ್ಮಗಳು, ಚಿತ್ರ ಬಿಡಿಸಿಕೊಡಲು ಬಂದಿದ್ದ ಅವಳ ಗೆಳತಿ. ತಿಂಡಿ ಮುಗಿದು ತಟ್ಟೆಗಳನ್ನು ತೊಳೆದಿಟ್ಟಾಗಿತ್ತು. ನಾನು ಹಾಸ್ಟೆಲ್ ವಾರ್ಡನ್ ಆಗಿ ನಿವೃತ್ತಳಾದವಳು. ತಟ್ಟೆ ಒದ್ದೆಯಿರುವಾಗ ಬೇರೆ ಕೆಲಸಕ್ಕೆ ಕೈಹಾಕಲು ಯಾರನ್ನೂ ಬಿಡುವವಳಲ್ಲ.

ಮೊಮ್ಮಗಳ ತರಗತಿಯವರು ಒಂದು ಥ್ರಿಲ್ಲರ್ ಸಿನಿಮಾ ತೆಗೆಯಬೇಕಿತ್ತು. ಕಾಲೇಜಿನಲ್ಲಿರುವುದು ಒಂದೇ ಒಳ್ಳೆಯ ಕ್ಯಾಮೆರಾ. ಶುರುವಿನಲ್ಲಿ ಹೆಸರುಗಳು ಬರುವಾಗ ತೆರೆಯ ಮೇಲೆ ಏನೇನು ಕಾಣಬೇಕು ಎಂಬುದನ್ನು ಚೌಕ ಚೌಕವಾಗಿ ಬಿಡಿಸಿ, ಆ ಸ್ಟೋರಿಬೋರ್ಡನ್ನು ಅಂದು ಸಂಜೆ ಐದರೊಳಗೆ ಮೇಡಂಗೆ ಕಳಿಸಬೇಕು. ಯಾರದು ಚೆನ್ನಾಗಿದೆಯೋ ಅವರೇ ನಿರ್ದೇಶಕರು, ಕ್ಯಾಮೆರಾ ಅವರಿಗೆ. ಮೊಮ್ಮಗಳ ಮೊದಲ ಪ್ರಯತ್ನವನ್ನು ಮೇಡಂ "ಎಲ್ಲೋ ನೋಡಿದ ಹಾಗಿದೆ" ಎಂದು ವಾಪಸು ಮಾಡಿದ್ದರು. ಅವಳು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ.

ಹಳೆಯ ಚೌಕಗಳನ್ನು ನೋಡಿದೆ. ಲಾಟೀನು, ಕಾಗೆ, ರಕ್ತ ತೊಟ್ಟಿಕ್ಕುವ ಚಾಕು.

"ಈ ಲಾಟೀನು ಯಾರ ಮನೇದು? ನಮ್ಮಲ್ಲಿ ಯುಪಿಎಸ್ ಇದೆಯಲ್ಲ" ಎಂದೆ.

"ಭಯ ಆಗ್ಬೇಕಲ್ಲಜ್ಜಿ!"

"ಭಯಕ್ಕೆ ಲಾಟೀನು ಯಾಕವ್ವ? ನಿಮ್ಮಜ್ಜಿ ಇಲ್ವಾ?" ಎಂದ ತಮ್ಮ. ಇಬ್ಬರು ಹುಡುಗಿಯರೂ ಬಿದ್ದುಬಿದ್ದು ನಕ್ಕರು. ನಾನು ಅವನಿಗೆ ಪೆನ್ಸಿಲ್ ಕೆತ್ತುವ ಕೆಲಸ ಕೊಟ್ಟು ಕೂರಿಸಿದೆ.

ಹತ್ತೂವರೆಯಾದರೂ ಹಾಳೆ ಬಿಳಿಯಾಗಿಯೇ ಇತ್ತು. ಎದುರಿನ ಕಣದಲ್ಲಿ ಸಿಪ್ಪೆ ಬಿಡಿಸಿ ತೊಳೆದ ಕಾಫಿ ಬೀಜ ಒಣಗುತ್ತಿತ್ತು. ಬೆಳಿಗ್ಗೆಯೇ ನಾನು ಬಾಚಣಿಗೆಯಂತೆ ಹಲ್ಲಿರುವ ಉದ್ದ ಹಿಡಿಯ ರೇಕು ಎಳೆದು ಸಾಲು ಮಾಡಿದ್ದೆ. ಬಾಚಿದ ತಲೆಯ ಹಾಗೆ ನೀಟಾಗಿತ್ತು. ಮೊಮ್ಮಗಳು ಅದನ್ನೇ ನೋಡುತ್ತಿದ್ದವಳು ಥಟ್ಟನೆ ಚಪ್ಪಲಿ ಕಳಚಿ, ಕಣದ ಆ ತುದಿಯಿಂದ ಈ ತುದಿಗೆ ಬೀಜದ ಮೇಲೆ ನಡೆದು ಬಂದಳು. "ಹೆಜ್ಜೆಗುರುತು ಮೇಲಿಂದ ಹೆಂಗ್ ಕಾಣ್ತದೆ ನೋಡಣ ಬಾ" ಎಂದು ಗೆಳತಿಯನ್ನು ಎಳೆದುಕೊಂಡು ತಾರಸಿಗೆ ಓಡಿದಳು.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ನಾನು ಆಗ ಅಡುಗೆಮನೆಯಲ್ಲಿದ್ದೆ. ಹನ್ನೊಂದಕ್ಕೆ ಕಾಫಿ ತಿರುವಿಹಾಕುವ ಹೊತ್ತೆಂದು ರೇಕು ಹಿಡಿದು ಹೊರಗೆ ಬಂದರೆ, ಸಾಲುಗಳ ಮೇಲೆ ಉದ್ದಕ್ಕೂ ಹೆಜ್ಜೆ! ಕಣ್ಣಿಗೆ ಬಿದ್ದ ಮೇಲೆ ಕೈ ಕೇಳುತ್ತದೆಯೇ? ಸೀದಾ ನಡುವಿಗೆ ಹೋಗಿ, ಅಲ್ಲಿಂದ ಹಿಂದಹಿಂದಕ್ಕೆ ನಡೆಯುತ್ತಾ ರೇಕು ಎಳೆದುಕೊಂಡು ಜಗಲಿಯ ಕಡೆಯ ಅಂಚಿಗೆ ಬಂದೆ. ಅರ್ಧ ಕಣ ಮತ್ತೆ ನೀಟಾಯಿತು.

"ಅಯ್ಯೋ ಅಜ್ಜೀ! ಏನ್ ಮಾಡ್ಬುಟ್ಟೆ!" ತಾರಸಿಯಿಂದ ಕೂಗು. "ಇನ್ನೂ ಒಂದ್ ಫೋಟೋನೂ ತೆಗ್ದಿರ್ಲಿಲ್ಲ!"

"ಕಾಫಿ ಮೇಲೆ ನಡೆಯೋದು ಯಾವ ಕಾಲೇಜಿನಲ್ಲಿ ಹೇಳಿಕೊಟ್ಟರು?" ನಾನೂ ಕೂಗಿದೆ.

"ಲೇ, ಸುಮ್ನಿರು, ನೋಡೇ" ಎಂದಳು ಗೆಳತಿ. "ಹೆಜ್ಜೆ ಮಧ್ಯಕ್ ಬಂದು ನಿಂತ್‌ಹೋಗೈತೆ. ಮುಂದಕ್ಕೂ ಇಲ್ಲ, ವಾಪಸ್ಸೂ ಇಲ್ಲ. ಅಜ್ಜಿ, ನೀವು ಅಲ್ಲಿಗೆ ಹೋಗಿದ್ರಲ್ಲ, ನಿಮ್ಮ ಹೆಜ್ಜೆ ಎಲ್ಲಿ?"

"ಹಿಂದಕ್ಕೆ ನಡೆದರೆ ನಮ್ಮ ಹೆಜ್ಜೆಯನ್ನು ರೇಕೇ ಅಳಿಸಿಕೊಂಡು ಬರುತ್ತದೆ. ಇಷ್ಟು ಗೊತ್ತಿಲ್ಲವೇ?"

ಆಮೇಲೆ ಮೊಮ್ಮಗಳು ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಬಂದು ನನ್ನನ್ನು ಅಪ್ಪಿಕೊಂಡಳು. "ಅವನೇ ಕಣಜ್ಜಿ ಕೊಲೆಗಾರ! ಅಳಿಸ್ಕೊಂಡ್ ಹೋದೋನು!"

ಆಮೇಲೆ ಕೆಲಸ ಓಡಿತು. ಚೌಕಗಳಿಗೆ ಸ್ಕೇಲಿಟ್ಟು ಗೆರೆ ಎಳೆದು ಮೂಲೆಯಲ್ಲಿ ನಂಬರು ಹಾಕಿದವಳು ನಾನು. ಮೊದಲ ಚೌಕದಲ್ಲಿ ಬೆಳಗಿನ ಬಿಸಿಲು, ಖಾಲಿ ಕಣ. ಮುಂದೆ ಒಂದೊಂದೇ ಹೆಜ್ಜೆ, ಪ್ರತಿ ಹೆಜ್ಜೆಯ ಪಕ್ಕ ಒಬ್ಬೊಬ್ಬರ ಹೆಸರು. ನಡುವಿನಲ್ಲಿ ಹೆಜ್ಜೆ ನಿಲ್ಲುತ್ತದೆ. ರೇಕಿನ ಹಲ್ಲು ಕಾಣುತ್ತದೆ, ಹಿಡಿದ ಕೈ ಕಾಣುವುದಿಲ್ಲ. ಅದು ಹಿಂದೆ ಸರಿದಂತೆ ಹೆಸರುಗಳೂ ಅಳಿಯುತ್ತವೆ. ರಾತ್ರಿಯಿಲ್ಲ, ರಕ್ತವಿಲ್ಲ. ಗೆಳತಿ ಬಿಡಿಸಿದ್ದನ್ನು ನೋಡಿ ನನಗೇ ಮೈ ಜುಮ್ಮೆಂದಿತು.

"ನನ್ ಹೆಸ್ರು ಎಲ್ಲೈತೆ?" ತಮ್ಮ ಇಣುಕಿದ.

"ಕಾಫಿ ನಿಮ್ದೇ ಅಲ್ವಾ ತಾತ, ಎಲ್ಲಾ ಚೌಕದಲ್ಲೂ ನೀವೇ!" ಎಂದಳು ಗೆಳತಿ.

ಊಟ ಅರ್ಧ ಗಂಟೆ ತಡವಾಯಿತು. ಗಡಿಯಾರ ನೋಡಿಯೂ ನಾನು ಸ್ಕೇಲು ಕೆಳಗಿಡಲಿಲ್ಲ. ಮೊಮ್ಮಗಳು ಮೂರು ಅಕ್ಕಿರೊಟ್ಟಿ ತಿಂದಳು.

ಐದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ, ತಾರಸಿಯ ನೀರಿನ ಟ್ಯಾಂಕಿನ ಪಕ್ಕ, ಸಿಗ್ನಲ್ ಸಿಗುವ ಒಂದೇ ಜಾಗದಲ್ಲಿ ನಿಂತು ಚಿತ್ರಗಳನ್ನು ಕಳಿಸಿದರು. ಐದೂಕಾಲಿಗೆ ಮೇಡಂ ಅವರೇ ಫೋನ್ ಮಾಡಿದರು. ಮೊಮ್ಮಗಳು ಸ್ಪೀಕರ್ ಹಾಕಿದಳು.

"ಅಳಿಸುತ್ತಿರೋದು ಯಾರಮ್ಮ?"

"ಅದು ಕೊನೇಲಿ ಗೊತ್ತಾಗೋದು ಮೇಡಂ."

ಆ ಕಡೆ ನಗು ಕೇಳಿತು. "ಸರಿ, ನೀನೇ ತೆಗಿ. ಶನಿವಾರ ಕ್ಯಾಮೆರಾ ತಗೊಂಡು ಹೋಗು. ಆ ಕಾಫಿ ಅಲ್ಲೇ ಇರಬೇಕು ಮತ್ತೆ!"

ಹುಡುಗಿಯರು ಕುಣಿದರು. ನಾನು ತಮ್ಮನ ಮುಖ ನೋಡಿದೆ. ಆ ಕಾಫಿ ಹೆಚ್ಚುಕಡಿಮೆ ಒಣಗಿತ್ತು. ಮಂಗಳವಾರ ಚೀಲಕ್ಕೆ ತುಂಬುವುದೆಂದು ಅವನು ಆಳುಗಳಿಗೂ ಹೇಳಿಯಾಗಿತ್ತು.

"ಏನ್ ಹಿಂಗ್ ನೋಡ್ತೀಯಕ್ಕ? ಚೀಲ ಎಲ್ಲೋಯ್ತದೆ, ಮುಂದಿನ ವಾರ ತುಂಬಿದ್ರಾಯ್ತು" ಎಂದು ಮೊಮ್ಮಗಳತ್ತ ತಿರುಗಿದ. "ಮಾರಾಯ್ತಿ, ಕೊಲೆ ಮಾತ್ರ ಕಣದಾಚೆ ಮಾಡ್ಕೊ. ಬೀಜ ಗಲೀಜಾಗ್ಬಾರ್ದು!"

ರಾತ್ರಿಯ ಮಂಜಿಗೆ ಒದ್ದೆಯಾಗದಂತೆ ನಾಲ್ವರೂ ಸೇರಿ ಕಾಫಿಯನ್ನು ಗುಡ್ಡೆ ಮಾಡಿದೆವು. ಟಾರ್ಪಾಲು ಹೊದಿಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು ಒಳಗೆ ಬಂದಾಗ ಆರು ಗಂಟೆ.