ಇದನ್ನೀಟು ಹಿಡಕೋರಿ

೨೦೦೮ರಲ್ಲಿ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು ಸಿಂಧನೂರಿನ ಟ್ರ್ಯಾಕ್ಟರ್ ಮೇಸ್ತ್ರಿಯ ಬಳಿ ಕೆಲಸಕ್ಕೆ ಸೇರಿದೆ. ಎಂಜಿನ್ ಬಿಚ್ಚಿ ಕೂತಾಗ ಯಾರು ಬಂದು ಅವಸರ ಮಾಡಿದರೂ ಮೇಸ್ತ್ರಿ ತಲೆ ಎತ್ತದೆ, ಎಣ್ಣೆ ಮೆತ್ತಿದ ಸಾಮಾನೊಂದನ್ನು ಅವರ ಕೈಗಿಟ್ಟು, "ಇದನ್ನೀಟು ಹಿಡಕೋರಿ, ಅಳ್ಳಾಡಬ್ಯಾಡ್ರಿ" ಎನ್ನುತ್ತಿದ್ದರು.

ಒಮ್ಮೆ ತುರ್ವಿಹಾಳದಲ್ಲಿ ಮೋಡ ಕವಿಯುವಾಗಲೇ ಭತ್ತ ಕೊಯ್ಯುವ ಯಂತ್ರ ಗದ್ದೆಯಲ್ಲಿ ಕೆಟ್ಟು ನಿಂತಿತು. ಗದ್ದೆಯ ಗೌಡರು, ಯಂತ್ರದ ಮಾಲೀಕ, ಡ್ರೈವರ್ ಮೂವರೂ ಮೇಸ್ತ್ರಿಯ ಕಿವಿಯಲ್ಲೇ ಕೂಗತೊಡಗಿದರು. ಕ್ಷಣದಲ್ಲಿ ಮೂವರ ಕೈಯೂ ತುಂಬಿತು. ಗೌಡರ ಬಿಳಿ ಅಂಗಿಯ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ಫೋನ್ ಎತ್ತಲೇನಪಾ ಮೇಸ್ತ್ರಿ?"

"ಅಳ್ಳಾಡಿದ್ರ ಕೆಲ್ಸ ಕೆಡ್ತೈತ್ರೀ ಗೌಡ್ರ."

ಮಳೆಗೆ ಮೊದಲೇ ಯಂತ್ರ ಗುಡುಗಿತು. ಮೂವರೂ ಇನ್ನೂ ಹಿಡಿದೇ ನಿಂತಿದ್ದರು.

"ಇದನ್ನ ಎಲ್ಲಿ ಕುಂದ್ರಸ್ತಿ?" ಎಂದರು ಗೌಡರು.

"ಅದು ಹಳೇ ಸಾಮಾನ್ರಿ, ಒಗದುಬಿಡ್ರಿ."

ಈಗ ಮಸ್ಕಿಯಲ್ಲಿ ನನಗೆ ಒಂದು ಸ್ವಂತ ಗ್ಯಾರೇಜು, ಇಬ್ಬರು ಕೆಲಸಗಾರರು, ಬಂದವರ ಕೈಗಿಡಲು ಒಂದು ಬುಟ್ಟಿ ಹಳೇ ಸಾಮಾನು.