ಪಂಚಮಿಯ ಕ್ಯಾಸೆಟ್

ಆ ಕ್ಯಾಸೆಟ್ ನಮ್ಮದಲ್ಲ. ನೇಸರಗಿಯವರೊಬ್ಬರು ಕೆಟ್ಟುಹೋದ ವಿಸಿಪಿಯನ್ನು ಅಪ್ಪನ ರೇಡಿಯೋ-ಟೀವಿ ರಿಪೇರಿ ಅಂಗಡಿಗೆ ತಂದಿಟ್ಟು ಹೋಗಿದ್ದರು. ಕ್ಯಾಸೆಟ್ ಅದರ ಹೊಟ್ಟೆಯಲ್ಲೇ ಸಿಕ್ಕಿಕೊಂಡಿತ್ತು. ಅಪ್ಪ ಎರಡು ದಿನ ಕುಳಿತು ಟೇಪನ್ನು ಬಿಡಿಸಿದ, ಬೆಲ್ಟು ಬದಲಿಸಿದ, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ತಂದವರು ಮಾತ್ರ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ವರ್ಷಗಟ್ಟಲೆ ಕಾದು ಅಪ್ಪ ಅದನ್ನು ಮನೆಗೇ ಹೊತ್ತು ತಂದ. ಹೀಗೆ ಬೈಲಹೊಂಗಲದ ನಮ್ಮ ಓಣಿಯಲ್ಲಿ ವಿಸಿಪಿ ಇರುವ ಮೊದಲ ಮನೆ ನಮ್ಮದಾಯಿತು. ಅದು ತೊಂಬತ್ತರ ದಶಕದ ಆರಂಭ.

ಕ್ಯಾಸೆಟ್ಟಿನ ಮೇಲಿನ ಚೀಟಿ ಹರಿದಿತ್ತು. ಸಿನಿಮಾದ ಮೊದಲ ಹತ್ತು ನಿಮಿಷ, ಅಂದರೆ ಹೆಸರು, ನಟನಟಿಯರ ಪಟ್ಟಿ, ಎಲ್ಲವೂ ಮುದುಡಿದ ಟೇಪಿನ ಜೊತೆ ಕಸಕ್ಕೆ ಹೋಗಿದ್ದವು. ಹಾಗಾಗಿ ನಾನು ಅತಿ ಹೆಚ್ಚು ಸಲ ನೋಡಿದ ಸಿನಿಮಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದು ಜೋಕಾಲಿ ಪಿಚ್ಚರ್. ದೊಡ್ಡ ಊರಿನ ಟಾಕೀಜುಗಳಲ್ಲಿ ಓಡಿದಂತೆ ಕಾಣುವುದಿಲ್ಲ. ಓಡುವಂಥದ್ದೂ ಆಗಿರಲಿಲ್ಲ ಬಿಡಿ.

ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾದವರು ತವರಿಗೆ ಬರುತ್ತಾರೆ, ಉಂಡಿ ತಿನ್ನುತ್ತಾರೆ, ತೊಲೆಗೆ ಕಟ್ಟಿದ ಜೋಕಾಲಿಯಲ್ಲಿ ಜೀಕುತ್ತಾರೆ. ಆದರೆ ತಾವಾಗಿಯೇ ಬರುವಂತಿಲ್ಲ. ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ಕರೆಯದೆ ಬಂದವಳು ಎರಡೂ ಮನೆಯಲ್ಲಿ ಹಗುರಾಗುತ್ತಾಳೆ. ಸಿನಿಮಾದ ಕತೆ ಈ ಪದ್ಧತಿಯ ಮೇಲೆಯೇ ನಿಂತಿತ್ತು. ಅಣ್ಣ ಕರೆಯಲು ಬರುವುದಿಲ್ಲ. ತಂಗಿ ಕಾದು ಕಾದು ಒಬ್ಬಳೇ ನಡೆದು ಹೊರಡುತ್ತಾಳೆ, ದಾರಿಯಲ್ಲಿ ಹಳ್ಳ ಬಂದು ಅವಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮರುವರ್ಷದಿಂದ ಪಂಚಮಿ ಬಂತೆಂದರೆ ಅಣ್ಣನ ವಾಡೆಯಲ್ಲಿ ಖಾಲಿ ಜೋಕಾಲಿ ತಾನೇ ತೂಗತೊಡಗುತ್ತದೆ. ಅದರಲ್ಲಿ ಕುಳಿತವರು ಒಬ್ಬೊಬ್ಬರಾಗಿ ಸಾಯುತ್ತಾರೆ.

ಹೆದರಿಸಲು ಮಾಡಿದ ಸಿನಿಮಾ ಅದು, ಆದರೆ ಮಾಡಿದವರ ಬಳಿ ಕಾಸೂ ಇರಲಿಲ್ಲ, ಕಸುಬೂ ಇರಲಿಲ್ಲ. ಜೋಕಾಲಿಯನ್ನು ಎಳೆಯುವ ದಾರ ಕಾಣುತ್ತಿತ್ತು. ದೆವ್ವದ ಪಾದ ಹಿಂದುಮುಂದಾಗಿರಬೇಕಲ್ಲ, ಅದಕ್ಕೆ ಆ ನಟಿಗೆ ಹವಾಯಿ ಚಪ್ಪಲಿಯನ್ನು ತಿರುವುಮುರುವಾಗಿ ತೊಡಿಸಿ ಓಡಿಸಿದ್ದರು. ಆಕೆ ಎರಡು ಹೆಜ್ಜೆಗೊಮ್ಮೆ ಮುಗ್ಗರಿಸುತ್ತಿದ್ದಳು. ಇದನ್ನು ಮೊದಲು ಕಂಡುಹಿಡಿದವಳು ನಮ್ಮ ಅಕ್ಕ. ಅವಳು ಬೆರಳು ತೋರಿಸಿದ ಮೇಲೆ ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಆಮೇಲೆ ಪ್ರತಿ ಪಂಚಮಿಯ ಮಧ್ಯಾಹ್ನ, ಹಾಲೆರೆದು ಊಟ ಮುಗಿದ ಮೇಲೆ, ಆ ಸಿನಿಮಾ ಹಾಕುವುದು ನಮ್ಮಲ್ಲಿ ರೂಢಿಯಾಯಿತು. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ, ಒಳಗೆ ಕಿಟಕಿಗೆ ಕಂಬಳಿ, ಚಪ್ಪಲಿಯ ದೆವ್ವ ಬಂದಾಗ ಅವ್ವನ ನಗು. ಜೋಕಾಲಿಗಿಂತ ನಮಗೆ ಅದೇ ಹಬ್ಬ ಅನ್ನಿಸಿಬಿಟ್ಟಿತ್ತು.

ಆದರೂ ಅದನ್ನು ಬರೀ ನಗುವ ಸಿನಿಮಾ ಎಂದರೆ ನನಗೆ ಸಿಟ್ಟು ಬರುತ್ತದೆ. ನಡುವೆ ಒಂದು ಜಾಗ ಇತ್ತು. ತಂಗಿ ಗಂಡನ ಮನೆಯ ಕಟ್ಟೆಯ ಮೇಲೆ ಗಂಟು ಇಟ್ಟುಕೊಂಡು ಕುಳಿತಿರುತ್ತಾಳೆ. ಕ್ಯಾಮೆರಾ ಅಲುಗುವುದಿಲ್ಲ. ಮಾತಿಲ್ಲ, ಸಂಗೀತವಿಲ್ಲ. ಒಂದು ಕೋಳಿ ಬಂದು ಹೋಗುತ್ತದೆ. ಗೋಡೆಯ ನೆರಳು ನಿಧಾನಕ್ಕೆ ಅವಳ ಮೊಣಕಾಲ ತನಕ ಏರುತ್ತದೆ. ಅಷ್ಟೇ. ಸಿನಿಮಾ ಮಾಡಿದವನಿಗೆ ಹೊತ್ತು ತುಂಬಿಸಬೇಕಾಗಿತ್ತೋ, ಅಥವಾ ಆ ಒಂದು ದಿನ ಅವನ ಮೈಮೇಲೆ ದೇವರು ಬಂದಿತ್ತೋ ಹೇಳಲಾರೆ. ಅಪ್ಪ ಬೇಜಾರಾಗಿ ಟೇಪನ್ನು ಮುಂದೆ ಓಡಿಸಲು ಏಳುತ್ತಿದ್ದ, ಅಕ್ಕ ಅವನ ಕೈ ಹಿಡಿದು ಕೂರಿಸುತ್ತಿದ್ದಳು.

“ದೆವ್ವ ಬಂದ ಮ್ಯಾಲ ಎಂಥಾ ಅಂಜಿಕಿ ಅಪ್ಪಾ? ಅಂಜಿಕಿ ಇರೂದು ಇಲ್ಲೆ,” ಅನ್ನುತ್ತಿದ್ದಳು.

ಸಿನಿಮಾದಲ್ಲಿದ್ದ ಆ ದೊಡ್ಡ ವಾಡೆ ಮನೆ ಕಿತ್ತೂರು ಕಡೆಯ ಒಂದು ಹಳ್ಳಿಯದೆಂದು ಅಪ್ಪನ ಹಟ. ಹರೆಯದಲ್ಲಿ ಅಲ್ಲಿ ರೇಡಿಯೋ ರಿಪೇರಿಗೆ ಹೋಗಿದ್ದನಂತೆ. ಅಕ್ಕ ನಂಬಲಿಲ್ಲ. ಒಂದು ಭಾನುವಾರ ನಮ್ಮಿಬ್ಬರನ್ನೂ ಕಟ್ಟಿಕೊಂಡು ಹೊರಟೇಬಿಟ್ಟ. ಮೂರು ಹಳ್ಳಿ ತಿರುಗಿದೆವು. ಸಿನಿಮಾದವರು ಬಂದದ್ದನ್ನು ಕಂಡವರು ಒಬ್ಬರೂ ಸಿಗಲಿಲ್ಲ. ಕೊನೆಗೆ ಕಿತ್ತೂರಿನ ಬಸ್ ನಿಲ್ದಾಣದ ಎದುರು ಗಿರಮಿಟ್ಟು ತಿಂದು ತಿರುಗಿ ಬಂದೆವು. ಅಪ್ಪ ಆ ದಿನದಷ್ಟು ಖುಷಿಯಾಗಿದ್ದದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ.

ಅಕ್ಕನನ್ನು ರಾಮದುರ್ಗಕ್ಕೆ ಕೊಟ್ಟರು. ಕಾಳುಕಡಿ ವ್ಯಾಪಾರದ ಮನೆ, ತುಂಬಿದ ಸಂಸಾರ. ಕೆಟ್ಟವರಲ್ಲ, ಆದರೆ ರೀತಿ ರಿವಾಜಿನಲ್ಲಿ ಕೂದಲೆಳೆಯಷ್ಟೂ ಬಿಡುವವರಲ್ಲ. ಪ್ರತಿ ವರ್ಷ ಪಂಚಮಿಗೆ ಎರಡು ದಿನ ಮೊದಲು ನಾನು ಸವದತ್ತಿಯಲ್ಲಿ ಬಸ್ ಬದಲಿಸಿ ರಾಮದುರ್ಗಕ್ಕೆ ಹೋಗುತ್ತಿದ್ದೆ. ಅವರ ಪಡಸಾಲೆಯಲ್ಲಿ ಕೈಕಟ್ಟಿ ಕುಳಿತು ಮಳೆ ಬೆಳೆಯ ಮಾತಾಡಿ, ಅಕ್ಕನನ್ನು ಕರೆದುಕೊಂಡು ಬರುತ್ತಿದ್ದೆ. ಬಸ್ಸು ಏರಿದೊಡನೆ ಅವಳು ಕೇಳುತ್ತಿದ್ದದ್ದು ವಿಸಿಪಿಯ ಹೆಡ್ಡು ಒರೆಸಿಟ್ಟಿದ್ದೀಯೋ ಇಲ್ಲವೋ ಎಂದು.

ಅಕ್ಕನ ಮದುವೆಯಾಗಿ ಮೂರನೆಯ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡ. ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಕುರ್ಚಿಯಿಂದ ಜಾರಿದ. ಅಕ್ಕ ಬಂದಳು, ದಿನ ಮುಗಿಸಿಕೊಂಡು ಹೋದಳು. ಅವ್ವ ಗೋಡೆಗೆ ಒರಗಿ ಕುಳಿತವಳು ಏಳಲಿಲ್ಲ. ಉಣ್ಣು ಎಂದರೆ ಉಣ್ಣುತ್ತಿದ್ದಳು, ಮಲಗು ಎಂದರೆ ಮಲಗುತ್ತಿದ್ದಳು. ಮೂರು ತಿಂಗಳು ಅವಳು ಮನಸ್ಸಿನಿಂದ ಆಡಿದ ಮಾತು ನನ್ನ ಕಿವಿಗೆ ಬೀಳಲಿಲ್ಲ. ಇಪ್ಪತ್ತೆರಡರ ನನಗೆ ಅಂಗಡಿಗಿಂತ ಆ ಮೌನ ಭಾರವಾಗಿತ್ತು.

ಪಂಚಮಿ ಬಂತು. ವರ್ಷ ತುಂಬುವತನಕ ಹಬ್ಬ ಮಾಡುವ ಹಾಗಿಲ್ಲವೆಂದು ಕಾಕಾ ಹೇಳಿದ. ಬಾಣಲೆ ಇಡುವಂತಿಲ್ಲ, ಉಂಡಿ ಕಟ್ಟುವಂತಿಲ್ಲ, ಜೋಕಾಲಿ ಹಾಕುವಂತಿಲ್ಲ. ಹಬ್ಬವೇ ಇಲ್ಲವೆಂದ ಮೇಲೆ ಕರೆಯಲು ಹೋಗುವುದೆಲ್ಲಿ ಎಂದು ನಾನೇ ಲೆಕ್ಕ ಹಾಕಿದೆ. ಯಾರನ್ನೂ ಕೇಳಲಿಲ್ಲ. ರಾಮದುರ್ಗದವರ ಪಕ್ಕದ ಮನೆಗೆ ಒಂದು ಫೋನ್ ಮಾಡಲಿಲ್ಲ. ಅವರಿಗೂ ಗೊತ್ತಿರುತ್ತದೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಆ ಮಳೆಯಲ್ಲಿ ಬಸ್ ಬದಲಿಸಿ ಹೋಗಿ ಅವರ ಪಡಸಾಲೆಯಲ್ಲಿ ಕೂರುವುದು ತಪ್ಪಿತಲ್ಲ ಎಂದು ಒಳಗೊಳಗೆ ಹಗುರಾಗಿತ್ತು.

ಪಂಚಮಿಯ ದಿನ ಓಣಿಯ ಎಲ್ಲ ಮನೆಗಳಲ್ಲಿ ಜೋಕಾಲಿಯ ಸದ್ದು, ಹುಡುಗಿಯರ ಕೇಕೆ. ನಮ್ಮ ಮನೆಯಲ್ಲಿ ಅವ್ವ ಗೋಡೆ ನೋಡುತ್ತಿದ್ದಳು. ಕಾಕಾನ ಇಬ್ಬರು ಹೆಣ್ಣುಮಕ್ಕಳು ಅವಳ ಜೊತೆಗೆಂದು ಬಂದಿದ್ದರು. ನನಗೆ ತಡೆಯಲಾಗಲಿಲ್ಲ. ವಿಸಿಪಿ ಹೊರತೆಗೆದು ಧೂಳು ಒರೆಸಿದೆ. ಸೂತಕದ ಮನೆಯಲ್ಲಿ ಟೀವಿ ಹಚ್ಚಿದರೆಂದು ಯಾರೂ ಆಡಿಕೊಳ್ಳಬಾರದೆಂದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಕಿಟಕಿಗೆ ಕಂಬಳಿ ಇಳಿಬಿಟ್ಟೆ. ಹಬ್ಬ ಮಾಡಬಾರದು, ಸರಿ. ಪಿಚ್ಚರ್ ನೋಡಬಾರದೆಂದು ಯಾವ ಶಾಸ್ತ್ರದಲ್ಲಿದೆ ಎಂದು ನನ್ನ ವಾದ.

ಅವ್ವ ಅರ್ಧ ಸಿನಿಮಾ ಕಲ್ಲಿನಂತೆ ಕುಳಿತಿದ್ದಳು. ದೆವ್ವ ಅಂಗಳದಲ್ಲಿ ಓಡಿ ಮುಗ್ಗರಿಸಿದಾಗ ಮೊದಲು ಅವಳ ಹೆಗಲು ಅಲುಗಿತು. ಅಳುತ್ತಿದ್ದಾಳೆ ಅಂದುಕೊಂಡೆ. ನೋಡಿದರೆ ಸೆರಗು ಬಾಯಲ್ಲಿತ್ತು. ಆಮೇಲೆ ತಡೆಯಲಾರದೆ ದೊಡ್ಡ ದನಿಯಲ್ಲೇ ನಕ್ಕಳು, ಕಾಕಾನ ಮಕ್ಕಳೂ ನಕ್ಕರು, ನಾನಂತೂ ಹುಚ್ಚನ ಹಾಗೆ ನಕ್ಕೆ. ಆ ಸಂಜೆ ಅವ್ವ ತಾನಾಗಿಯೇ ಎದ್ದು ಒಲೆ ಹಚ್ಚಿದಳು. ನಾನು ಮಾಡಿದ್ದು ಒಳ್ಳೆಯ ಕೆಲಸ ಎಂದು ಬಹಳ ವರ್ಷ ಬೆನ್ನು ತಟ್ಟಿಕೊಂಡೆ.

ಕರೆಯಲು ಹೋಗದ ತಪ್ಪು ತಿಳಿದದ್ದು ವಾರ ಕಳೆದ ಮೇಲೆ. ಅಕ್ಕ ಯಾಕೆ ಬರಲಿಲ್ಲವೆಂದು ಎದುರು ಮನೆಯ ಅಮ್ಮ ಕೇಳಿದಳು. ನಾನು ನನ್ನ ಲೆಕ್ಕ ಹೇಳಿದೆ. ಆಕೆ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ಹಬ್ಬ ಬಿಡ್ತಾರ, ಮಗಳನ್ನ ಬಿಡ್ತಾರೇನೋ? ತಂದಿ ಸತ್ತ ವರ್ಷ ಮೊದಲ ಕರೀತಾರ. ಇಲ್ಲಂದ್ರ ತವರ ಮುಚ್ಚಿತು ಅಂತ ತಿಳಕೋತಾರ.”

ಮರುವರ್ಷ ನಾಲ್ಕು ದಿನ ಮೊದಲೇ ರಾಮದುರ್ಗಕ್ಕೆ ಓಡಿದೆ. ಅಕ್ಕ ಚಹಾ ಕೊಟ್ಟಳು, ಚೂಡಾ ಕೊಟ್ಟಳು, ಅವ್ವನ ಆರೋಗ್ಯ ಕೇಳಿದಳು. ಅತ್ತೆಗೆ ಮೊಣಕಾಲು ನೋವು, ಈ ಸಲ ಆಗುವುದಿಲ್ಲ ಎಂದಳು. ಅದರ ಮರುವರ್ಷ ಬಸುರಿ. ಆಮೇಲೆ ಮಗುವಿಗೆ ಜ್ವರ, ಆಮೇಲೆ ಮಗುವಿನ ಶಾಲೆ. ಒಮ್ಮೆಯೂ ಬೈಯಲಿಲ್ಲ, ಅದೇ ನನ್ನನ್ನು ತಿನ್ನುತ್ತಿತ್ತು. ನನ್ನ ಮದುವೆಗೆ ಬಂದಳು, ಅಕ್ಕಿಕಾಳು ಹಾಕಿದಳು, ಸಂಜೆಯ ಬಸ್ಸಿಗೆ ಹೊರಟಳು. ಪ್ರತಿ ಪಂಚಮಿಗೆ ನನ್ನ ಕೈಯಲ್ಲೇ ಅವ್ವನಿಗೆ ಡಬ್ಬಿ ತುಂಬ ಶೇಂಗಾ ಉಂಡಿ ಕಳಿಸುತ್ತಿದ್ದಳು. ಕರೆಯಲು ಹೋದ ತಮ್ಮ ಉಂಡಿ ಹೊತ್ತು ಒಬ್ಬನೇ ತಿರುಗಿ ಬರುವುದು ರೂಢಿಯಾಯಿತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಕ್ಕೆ ವಿಸಿಪಿಗಳು ಗುಜರಿಗೆ ಹೋದವು. ನಾನು ಅಂಗಡಿಯಲ್ಲಿ ಸೀಡಿ ಪ್ಲೇಯರ್ ರಿಪೇರಿ ಶುರು ಮಾಡಿದ್ದೆ. ಟೇಪು ಪೂರ್ತಿ ಸವೆಯುವ ಮುನ್ನ ಅದನ್ನು ಸೀಡಿಗೆ ಇಳಿಸಬೇಕೆನಿಸಿತು. ಸವದತ್ತಿಯಲ್ಲಿ ಮದುವೆ ವಿಡಿಯೋ ಮಾಡುವವನೊಬ್ಬ ಈ ಕೆಲಸ ಮಾಡುತ್ತಿದ್ದ. ಟೀವಿಯಲ್ಲಿ ಚಿತ್ರ ಮೂಡಿದ್ದೇ ಅವನು ಇದು ಚಪ್ಪಲಿ ದೆವ್ವ ಅಲ್ಲವೇ ಎಂದ. ಅವನ ಸೋದರಮಾವನ ಊರು ದೊಡವಾಡದಲ್ಲೂ ಪಂಚಮಿಗೆ ಇದನ್ನೇ ನೋಡುತ್ತಿದ್ದರಂತೆ. ಸಿರಸಂಗಿಯವರೊಬ್ಬರು ಇದೇ ಸಿನಿಮಾ ಹುಡುಕಿಕೊಂಡು ಬಂದಿದ್ದರಂತೆ. ಯಾರಿಗೂ ಹೆಸರು ಗೊತ್ತಿರಲಿಲ್ಲ. ಇಷ್ಟು ವರ್ಷ ನಮ್ಮ ಮನೆಯ ಗುಟ್ಟು ಅಂದುಕೊಂಡಿದ್ದೆ. ನಮ್ಮಂಥ ಹುಚ್ಚರು ಊರೂರಿನಲ್ಲಿ ಕಿಟಕಿಗೆ ಕಂಬಳಿ ಕಟ್ಟಿ ಕುಳಿತಿದ್ದರು.

ಆ ಪಂಚಮಿಗೆ ಸೀಡಿ ಹಿಡಿದು ರಾಮದುರ್ಗಕ್ಕೆ ಹೋದೆ. ಹಬ್ಬಕ್ಕೆ ಬಾರದವಳು ದೆವ್ವಕ್ಕಾದರೂ ಬಂದಾಳು ಎಂಬ ಆಸೆ. ಮಧ್ಯಾಹ್ನ ಮನೆಯವರೆಲ್ಲ ಅಂಗಡಿಗೆ ಹೋಗಿದ್ದರು. ಅಕ್ಕ, ಅವಳ ಮಗಳು, ನಾನು ಕುಳಿತು ನೋಡಿದೆವು. ಹುಡುಗಿ ಚಪ್ಪಲಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕ ನಗಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು, ಹುಡುಗಿ ಓಣಿಗೆ ಆಡಲು ಓಡಿದಳು. ಅಪ್ಪ ಸತ್ತ ವರ್ಷ ನಾನು ತಿಳಿಯದೆ ತಪ್ಪು ಮಾಡಿದೆ, ಈಗಲಾದರೂ ಹೊಟ್ಟೆಗೆ ಹಾಕಿಕೋ ಎಂದು ಕೇಳಿಕೊಂಡೆ. ಅವಳು ಟೀವಿಯ ಕಪ್ಪು ಗಾಜನ್ನೇ ನೋಡುತ್ತಿದ್ದಳು.

“ಆ ವರ್ಷ ನಾ ಬಂದಿದ್ದೆ,” ಎಂದಳು.

ತಮ್ಮ ಸವದತ್ತಿ ನಿಲ್ದಾಣದಲ್ಲಿ ಕಾಯುತ್ತಿದ್ದಾನೆಂದು ಅತ್ತೆಗೆ ಸುಳ್ಳು ಹೇಳಿ, ಪಂಚಮಿಯ ಬೆಳಿಗ್ಗೆ ಒಬ್ಬಳೇ ಬಸ್ಸು ಹತ್ತಿದಳಂತೆ. ಬೈಲಹೊಂಗಲದ ನಿಲ್ದಾಣದಿಂದ ತಲೆ ತುಂಬ ಸೆರಗು ಹೊದ್ದು, ಗುರುತಿನವರ ಕಣ್ಣು ತಪ್ಪಿಸಿ ಓಣಿಗೆ ಬಂದಳಂತೆ. ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ನಿಂತಳು. ಸಿನಿಮಾದ ಸದ್ದು ಕೇಳಿತು. ಅದೇ ಮೆಟ್ಟಿಲಿನಿಂದ ತಿರುಗಿ, ಮುಂದಿನ ಬಸ್ಸಿಗೆ ರಾಮದುರ್ಗಕ್ಕೆ ಹೋಗಿ, ಮೈಯಲ್ಲಿ ಹುಷಾರಿಲ್ಲ ಎಂದು ಮಲಗಿದಳು.

ಬಾಗಿಲು ಯಾಕೆ ಬಡಿಯಲಿಲ್ಲ ಎಂದು ಕೇಳಿದೆ.

“ಒಳಗ ಅವ್ವ ನಗಾಕತ್ತಿದ್ಲು. ಅಪ್ಪ ಹೋದ ಮ್ಯಾಲ ಆಕಿ ನಕ್ಕಿದ್ದು ನಾ ಅವತ್ತ ಕೇಳಿದ್ದು. ನನ್ನ ಮಾರಿ ನೋಡಿದ್ರ ಮತ್ತ ಅಳ್ತಿದ್ಲು.”

ಹಾಗಾದರೆ ಆಮೇಲೆ ಬರಬಹುದಿತ್ತಲ್ಲ, ನಾನು ಪ್ರತಿ ವರ್ಷ ಕರೆಯಲು ಬಂದೆನಲ್ಲ ಎಂದೆ.

“ಬಂದಿ. ಖರೆ, ನಾ ಇಲ್ಲದನೂ ಅಲ್ಲಿ ಹಬ್ಬ ಆಗತೈತಿ ಅಂತ ಗೊತ್ತಾತಲ್ಲ ತಮ್ಮಾ. ಗೊತ್ತಾದ ಮ್ಯಾಲ ಯಾವ ಮನಸಿಲೆ ಬರಲಿ?” ಆಮೇಲೆ ತಡೆದು ಹೇಳಿದಳು, “ಅವ್ವಗ ಇದನ್ನ ಹೇಳಬ್ಯಾಡ.”

ಕರೆಂಟು ಬರಲಿಲ್ಲ. ಅವಳು ಎದ್ದು ಡಬ್ಬಿಗೆ ಉಂಡಿ ತುಂಬಿದಳು. ಸವದತ್ತಿಯ ತನಕ ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಲೇ ಇದ್ದೆ, ಪಕ್ಕದವರು ಹುಷಾರಿಲ್ಲವೇನ್ರಿ ಎಂದು ಕೇಳುವಷ್ಟು. ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನ ಹಿಂದೆ ಯಾರೂ ಇಲ್ಲವೆಂದು ನೋಡಿ ಡಬ್ಬಿ ಈಸಿಕೊಂಡಳು. ಅಕ್ಕನಿಗೆ ಸಿನಿಮಾ ತೋರಿಸಿದೆಯಾ ಎಂದು ಕೇಳಿದಳು. ತೋರಿಸಿದೆ ಎಂದೆ.

“ನಕ್ಕಳಾ?”

“ಭಾಳ ನಕ್ಕಳವ್ವಾ,” ಎಂದೆ.